ಉಪ್ಪು ಹಾಕದ ಅಂಗಳ

ನನ್ನ ಅತ್ತೆ, ಅಂದರೆ ಹೆಂಡತಿಯ ತಾಯಿ, ಲಂಡನ್ನಿಗೆ ಬಂದು ನಮ್ಮ ಜೊತೆ ಇರತೊಡಗಿ ಬಹಳ ವರ್ಷಗಳಾದವು. ಅಷ್ಟೂ ವರ್ಷ ಅವರು ನನ್ನ ಜೊತೆ ನೇರವಾಗಿ ಒಂದು ಮಾತೂ ಆಡಿರಲಿಲ್ಲ. ಜಗಳ ಅಂದುಕೊಳ್ಳಬೇಡಿ, ಮರ್ಯಾದೆ. ಕಲಬುರಗಿಯ ಅವರ ಮನೆತನದಲ್ಲಿ ಅಳಿಯನ ಮುಂದೆ ಅತ್ತೆ ತಲೆ ಮೇಲೆ ಸೆರಗು ಹೊದ್ದೇ ಇರಬೇಕು, ಮಾತೇನಿದ್ದರೂ ಮಗಳ ಮೂಲಕ ಹೋಗಬೇಕು. ನಾನು ಮೈಸೂರಿನವನು. ನಮ್ಮಲ್ಲಿ ಅತ್ತೆ, ಅಳಿಯ ಒಂದೇ ಸೋಫಾದಲ್ಲಿ ಕೂತು ಕ್ರಿಕೆಟ್ ನೋಡುತ್ತಾರೆ. ಇಲ್ಲಿ ನಾನು ಎದುರಿಗೇ ಊಟಕ್ಕೆ ಕೂತಿದ್ದರೂ ಅವರು ಮಗಳಿಗೆ, "ಅಳಿಯಾರಿಗೆ ಇನ್ನೊಂದು ರೊಟ್ಟಿ ಬೇಕೇನು ಕೇಳು" ಅನ್ನುತ್ತಿದ್ದರು. ನಾನು ಹೆಂಡತಿಗೆ, "ಸಾಕು ಅಂತ ಹೇಳು" ಅನ್ನುತ್ತಿದ್ದೆ. "ಇಬ್ಬರಿಗೂ ಕಿವಿ ಅದಾವಲ್ಲ, ನನಗ್ಯಾಕ ಕಾಡ್ತೀರಿ" ಎಂದು ಅವಳು ಗೊಣಗುತ್ತಿದ್ದಳು. ಅಷ್ಟರಲ್ಲಿ ರೊಟ್ಟಿ ನನ್ನ ತಟ್ಟೆಗೆ ಬಿದ್ದಿರುತ್ತಿತ್ತು.

ಮೊದಲು ನಾವಿದ್ದದ್ದು ಕ್ರೋಯ್ಡನ್‌ನ ಒಂದು ಫ್ಲಾಟಿನಲ್ಲಿ, ನಾಲ್ಕನೇ ಮಹಡಿ. ಬಂದ ವಾರವೇ ಅತ್ತೆ ಬಾಗಿಲ ಹೊರಗಿನ ಕಾರ್ಪೆಟ್ಟಿಗೆ ನೀರು ಚಿಮುಕಿಸಿ ರಂಗೋಲಿ ಹಾಕಿಬಿಟ್ಟರು. ಬಿಲ್ಡಿಂಗ್ ನೋಡಿಕೊಳ್ಳುವವರಿಂದ ಕಾಗದ ಬಂತು. ಅಂದಿನಿಂದ ಅವರ ರಂಗೋಲಿ ಅಡುಗೆಮನೆಯ ಕಿಟಕಿ ಕಟ್ಟೆಗೆ ಸರಿಯಿತು, ಅಂಗೈ ಅಗಲದ್ದು, ಮಸಾಲೆ ಡಬ್ಬಿಗಳ ನಡುವೆ. ಹಾಗಾಗಿ ನಾವು ಹೇಸ್‌ನಲ್ಲಿ ಮನೆ ಕೊಂಡಾಗ ರೈಲು ಎಷ್ಟು ಹತ್ತಿರ, ಅಂಗಡಿ ಎಷ್ಟು ದೂರ ಎಂದು ನಾವಿಬ್ಬರು ಲೆಕ್ಕ ಹಾಕುತ್ತಿದ್ದರೆ, ಅತ್ತೆ ಮುಂಬಾಗಿಲು ತೆಗೆದು ಹೊರಗಿನ ನೆಲವನ್ನೇ ನೋಡುತ್ತ ನಿಂತಿದ್ದರು. ನಾವು ಅದನ್ನು ಡ್ರೈವ್‌ವೇ ಅನ್ನುತ್ತಿದ್ದೆವು, ಕಾರು ನಿಲ್ಲಿಸುವ, ಬಿರುಕು ಬಿಟ್ಟ ಹಳೇ ಕಾಂಕ್ರೀಟು. ಅವರು ಅಂಗಳ ಅಂದರು. ಮರುದಿನ ಬೆಳಿಗ್ಗೆಯೇ ಅಲ್ಲಿ ಮಾರುದ್ದದ ರಂಗೋಲಿ ಬಿತ್ತು.

ಅನಾಹುತ ಆದದ್ದು ಜನವರಿಯಲ್ಲಿ. ರಾತ್ರಿ ನೀರು ಹೆಪ್ಪುಗಟ್ಟುತ್ತದೆ ಅಂತ ಫೋನು ಹೇಳಿತ್ತು. ಇಲ್ಲಿ ಎಲ್ಲರೂ ಮಾಡುವ ಹಾಗೆ ನಾನೂ ಸಂಜೆಯೇ ಒಂದು ಚೀಲ ಕಲ್ಲುಪ್ಪು ತಂದು ಅಂಗಳದ ತುಂಬ ಎರಚಿದೆ. ಉಪ್ಪಿದ್ದರೆ ಮಂಜುಗಡ್ಡೆ ಕಟ್ಟುವುದಿಲ್ಲ. ಆದರೆ ಬೆಳಿಗ್ಗೆ ಎದ್ದು ಬಾಗಿಲು ತೆಗೆದ ಅತ್ತೆಗೆ ಕಂಡದ್ದು ಬೇರೆ. ಉಪ್ಪು ಲಕ್ಷ್ಮಿ, ಉಪ್ಪು ತುಳಿದರೆ ಮನೆಗೆ ಒಳ್ಳೆಯದಲ್ಲ ಎಂದು ನಂಬಿದ ಜೀವ ಅದು. ಯಾರು ಚೆಲ್ಲಿದರೋ ಏನೋ ಎಂದು ಗಾಬರಿಯಾಗಿ, ಪೊರಕೆ ತಂದು ಹರಳು ಹರಳೂ ಗುಡಿಸಿ ಬಕೆಟ್ಟಿಗೆ ತುಂಬಿದರು. ಹೇಗೂ ಗುಡಿಸಿಯಾಯಿತು ಎಂದು ಒಂದು ತಂಬಿಗೆ ನೀರು ಚಿಮುಕಿಸಿ, ರಂಗೋಲಿಯನ್ನೂ ಹಾಕಿ ಒಳಗೆ ಬಂದರು.

ಅರ್ಧ ಗಂಟೆ ಬಿಟ್ಟು ನಾನು ಫೋನು ನೋಡುತ್ತ ಹೊರಗೆ ಕಾಲಿಟ್ಟೆ. ಕಾಲು ಮೇಲಾಯಿತು, ಬಲಗೈ ಕೆಳಗಾಯಿತು. ಮಣಿಕಟ್ಟಿನಲ್ಲಿ ಕಟಕ್ ಎಂದದ್ದು ನನಗೇ ಕೇಳಿಸಿತು. ನಾನು ಸಿಟ್ಟಿನ ಮನುಷ್ಯ, ನೋವಾದರಂತೂ ಕೇಳುವುದೇ ಬೇಡ. "ಯಾರು ಇಲ್ಲಿ ನೀರು ಹಾಕಿದ್ದು? ತಲೇಲಿ ಬುದ್ಧಿ ಇದೆಯಾ ಇಲ್ವಾ?" ಎಂದು ಬಿದ್ದಲ್ಲಿಂದಲೇ ಕಿರುಚಿದೆ. ತಿರುಗಿ ನೋಡಿದರೆ ಬಾಗಿಲ ಸಂದಿಯಲ್ಲಿ ಸೆರಗು ಕಂಡಿತು.

ಆರು ವಾರ ಪ್ಲಾಸ್ಟರು. ಎಡಗೈಯಲ್ಲಿ ರೊಟ್ಟಿ ಮುರಿಯಲು ನನಗೆ ಬರುವುದಿಲ್ಲ ಎಂದು ಅತ್ತೆ ದಿನಾ ಬಿಸಿ ರೊಟ್ಟಿಯನ್ನು ಬೆಳ್ಳುಳ್ಳಿ, ಖಾರ, ಎಣ್ಣೆ ಹಾಕಿ ಕುಟ್ಟಿ, ಮುಟಗಿ ಕಟ್ಟಿ, ಮಗಳ ಕೈಯಲ್ಲಿ ಕಳಿಸುತ್ತಿದ್ದರು. ಆದರೆ ರಂಗೋಲಿ ಡಬ್ಬಿ ಕಪಾಟಿನ ಮೇಲೆ ಹೋಗಿ ಕೂತಿತ್ತು. ಮುಂಬಾಗಿಲಿನ ಕಡೆಗೇ ಅವರು ಹೋಗುತ್ತಿರಲಿಲ್ಲ. "ಮನಿ ಗಂಡಸಿನ ಕೈ ಮುರಿದಾಕಿ ನಾ. ಇನ್ನ ಬಾಗಲಕ ಹೋಗಂಗಿಲ್ಲ" ಎಂದು ಮಗಳಿಗೆ ಹೇಳಿದ್ದರಂತೆ. ಬೈದದ್ದಕ್ಕೆ ತಪ್ಪಾಯಿತು ಎಂದು ನಾನು ಹೆಂಡತಿಯ ಮೂಲಕ ಹೇಳಿಸಿದೆ. "ಅವರದೇನು ತಪ್ಪಿಲ್ಲಂತ ಹೇಳು" ಎಂದು ಉತ್ತರ ಬಂತು. ರೊಟ್ಟಿ ಬೇಕೇ ಬೇಡವೇ ಅನ್ನುವುದನ್ನು ಇನ್ನೊಬ್ಬರ ಬಾಯಲ್ಲಿ ಕಳಿಸಬಹುದು, ಇದನ್ನು ಕಳಿಸಲಾಗುವುದಿಲ್ಲ ಎಂದು ನನಗೆ ಆಗ ಗೊತ್ತಾಯಿತು. ಅವರು ಅಷ್ಟು ವರ್ಷ ಕಾದು ಪಡೆದ ಅಂಗಳವನ್ನು ನಾನು ಒಂದೇ ಮಾತಿನಲ್ಲಿ ಕಸಿದುಕೊಂಡಿದ್ದೆ. ಬಹಳ ಸಂಕಟವಾಯಿತು.

ಆ ಕಾಂಕ್ರೀಟನ್ನೇ ಕಿತ್ತುಹಾಕುವುದು ಎಂದು ನಿರ್ಧರಿಸಿದೆ. ಸೌತಾಲ್‌ನಿಂದ ಒಬ್ಬ ಸರ್ದಾರ್ಜಿ ಮೇಸ್ತ್ರಿ ಬಂದರು. ಬಿರುಕಿನಲ್ಲಿ ನೀರು ನಿಂತು, ಹೆಪ್ಪುಗಟ್ಟಿ, ಉಬ್ಬಿ ಕಾಂಕ್ರೀಟನ್ನು ಸೀಳಿದೆ, ಜೊತೆಗೆ ಉಪ್ಪೂ ಅದನ್ನು ತಿಂದುಹಾಕಿದೆ ಎಂದರು. ಇಲ್ಲಿ ಬೇಕಾದದ್ದು ನೀರು ನಿಲ್ಲದ ನೆಲ. ಮನೆ ಮುಂದೆ ಏನು ಹಾಸಿದರೂ ಮಳೆನೀರು ಮಣ್ಣಿಗೆ ಇಳಿಯಬೇಕು ಎಂದು ಕೌನ್ಸಿಲ್ ಕೂಡ ಹೇಳುತ್ತದಂತೆ. ಅವರು ನಾಲ್ಕಾರು ಸ್ಯಾಂಪಲ್ ತೆಗೆದು ಮುಂದಿಟ್ಟರು. ಅಂಟಿನಲ್ಲಿ ಸಣ್ಣ ಕಲ್ಲು ಕೂಡಿಸಿದ ರೆಸಿನ್ ಬಿಲ್ಲೆ, ಒಂದೆರಡು ಸಿಮೆಂಟ್ ಬ್ಲಾಕ್, ಒರಟು ಗ್ರಾನೈಟ್, ಮತ್ತೆ ಒಂದು ಬೂದು ಬಣ್ಣದ ಸುಣ್ಣಕಲ್ಲು. ಕೊನೆಯದು ಇಂಡಿಯಾದ್ದು ಎಂದರು.

ಅದನ್ನು ನೋಡಿದ್ದೇ ಅತ್ತೆ ಅಡುಗೆಮನೆಯಿಂದ ಈಚೆ ಬಂದರು. ಕಲಬುರಗಿಯ ಮನೆಗಳ ನೆಲಕ್ಕೆಲ್ಲ ಹಾಸುವ ಶಹಾಬಾದಿ ಫರಸಿಯ ಹಾಗೇ ಇತ್ತು ಆ ಕಲ್ಲು. ಮೇಸ್ತ್ರಿಯ ಜೊತೆ ತಮ್ಮ ಹೈದರಾಬಾದಿ ಹಿಂದಿಯಲ್ಲಿ ಹತ್ತು ನಿಮಿಷ ಹರಟಿದರು. ನನಗೆ ಹೊಟ್ಟೆ ಉರಿಯಿತು. ನಿನ್ನೆ ಮೊನ್ನೆ ಕಂಡ ಮೇಸ್ತ್ರಿಗೆ ಇಷ್ಟು ಮಾತು, ಅಳಿಯನಿಗೆ ಮುಟಗಿ ಮಾತ್ರ.

"ಅಮ್ಮನಿಗೆ ಯಾವುದು ಹಿಡಿಸಿತು ಕೇಳು" ಎಂದೆ ಹೆಂಡತಿಗೆ.

"ನನಗ್ಯಾಕ ಕೇಳ್ತಾರ? ಕಾರು ನಿಲ್ಲಸೋರು ಅವರು" ಎಂದು ಅತ್ತೆ ಒಳಗೆ ಹೋದರು.

ಕಲ್ಲು ಚಳಿ ತಡೆಯುತ್ತದೋ ಇಲ್ಲವೋ ನೋಡೋಣ ಎಂದು ಮೇಸ್ತ್ರಿ ಬಿಟ್ಟುಹೋದ ಸ್ಯಾಂಪಲ್ಲುಗಳನ್ನು ನಾನು ನೀರಲ್ಲಿ ನೆನೆಸಿ ಫ್ರೀಜರಿನಲ್ಲಿಟ್ಟೆ, ತುರಿದ ಕಾಯಿಯ ಪೊಟ್ಟಣದ ಪಕ್ಕದಲ್ಲಿ. ಬೆಳಿಗ್ಗೆ ತೆಗೆದು ಕರಗಿಸುವುದು, ಸಂಜೆ ಮತ್ತೆ ನೆನೆಸಿ ಇಡುವುದು. ಮೂರು ವಾರ ನಡೆಯಿತು ಈ ಹುಚ್ಚು. ಒಂದು ದಿನ ಸುಣ್ಣಕಲ್ಲಿನ ಅಂಚಿನಿಂದ ಚಪಾತಿಯ ಪದರದಂಥ ಚಕ್ಕೆ ಎದ್ದು ಬಂತು. ಅತ್ತೆ ಅದನ್ನು ಕೈಯಲ್ಲಿ ಹಿಡಿದು, "ನಮ್ಮ ಕಡೀದು ನೋಡು, ಈ ಥಂಡಿ ತಡ್ಯಂಗಿಲ್ಲ ಪಾಪ" ಎಂದರು.

"ನೀ ತಡದೀಯಲ್ಲವ್ವಾ" ಎಂದಳು ನನ್ನ ಹೆಂಡತಿ. ಅವರು ಆ ಚಕ್ಕೆಯನ್ನು ಕಲ್ಲಿನ ಅಂಚಿಗೆ ಮತ್ತೆ ಕೂಡಿಸಿ ನೋಡಿದರು.

ಮರುದಿನ ನಾನು ಆಫೀಸಿನಿಂದ ಬೇಗ ಬಂದೆ. ಅತ್ತೆ ಮಹಡಿಯ ಕೋಣೆಯಲ್ಲಿ ಮಲಗಿದ್ದರು. ಅಡುಗೆಮನೆಯ ಕಟ್ಟೆಯ ಮೇಲೆ ಸ್ಯಾಂಪಲ್ಲುಗಳು ಸಾಲಾಗಿದ್ದವು. ಹತ್ತಿರ ಹೋಗಿ ನೋಡಿದರೆ ಎಲ್ಲದರ ಮೇಲೂ ಬಿಳಿ ಪುಡಿ. ರೆಸಿನ್ ಮೇಲೆ ಚುಕ್ಕಿಗಳು ಸಣ್ಣ ಕಲ್ಲುಗಳ ಸಂದಿಗೆ ಇಳಿದು ಮಾಯವಾಗಿದ್ದವು. ಬ್ಲಾಕಿನ ಮೇಲೆ ಗೆರೆ ಸುಮಾರಾಗಿ ನಿಂತಿತ್ತು. ಗ್ರಾನೈಟಿನ ಮೇಲೆ ಮಾತ್ರ ಐದು ಚುಕ್ಕಿ, ಅವನ್ನು ಸುತ್ತಿದ ಒಂದು ಬಳ್ಳಿ, ಅಚ್ಚುಕಟ್ಟಾಗಿ ಹಾಗೇ ಇತ್ತು. ಬಾಗಿಲಿಗೆ ಹೋಗುವುದಿಲ್ಲ ಎಂದವರು ಯಾರೂ ಇಲ್ಲದಾಗ ಡಬ್ಬಿ ಇಳಿಸಿದ್ದರು! ನಾನು ಯಾರಿಗೂ ಹೇಳಲಿಲ್ಲ. ನನ್ನ ಕಣ್ಣು ಒದ್ದೆಯಾದದ್ದನ್ನೂ ಹೇಳಲಿಲ್ಲ.

ಮೇಸ್ತ್ರಿಗೆ ಫೋನು ಮಾಡಿದೆ. ಕಾರಿನ ಜಾಗಕ್ಕೆ ಸಂದಿಯಲ್ಲಿ ನೀರು ಇಳಿಯುವಂಥ ಬ್ಲಾಕು. ಬಾಗಿಲ ಮುಂದೆ, ಮಾಡಿನ ಕೆಳಗೆ, ಮಳೆ ಬೀಳದ ಕಡೆ ಒಂದೇ ದೊಡ್ಡ ಗ್ರಾನೈಟ್ ಚಪ್ಪಡಿ, ಬಲಗಡೆ ನಡೆದು ಹೋಗಲು ಒಂದಡಿ ಜಾಗ ಬಿಟ್ಟು. "ಇನ್ನು ಉಪ್ಪು ಹಾಕೋ ಹಾಗಿಲ್ಲ, ಬೇರೆ ಏನು ಮಾಡಲಿ?" ಎಂದೆ. ಚಳಿ ಬಂದರೆ ಒರಟು ಮರಳು ಎರಚಿ, ಕಾಲು ಹಿಡಿಯುತ್ತದೆ ಎಂದರು. ನನ್ನ ಹೆಂಡತಿ ಇದನ್ನೆಲ್ಲ ಹೇಳಿದಾಗ ಅತ್ತೆ, "ಅಷ್ಟು ದೊಡ್ಡ ಕಲ್ಲು ಯಾತಕ್ಕಂತ?" ಎಂದಷ್ಟೇ ಕೇಳಿದರಂತೆ.

ಬೇಸಿಗೆಗೆ ಮೊದಲೇ ಕೆಲಸ ಮುಗಿಯಿತು. ಬೇಸಿಗೆ ಹೋಯಿತು, ಎಲೆ ಉದುರುವ ಕಾಲವೂ ಹೋಯಿತು. ಚಪ್ಪಡಿ ಬರಿದಾಗಿಯೇ ಇತ್ತು. ನಾನು ದಿನಾ ಬೆಳಿಗ್ಗೆ ಬಾಗಿಲು ತೆಗೆಯುವಾಗ ನೋಡುತ್ತಿದ್ದೆ, ದಿನಾ ಸಪ್ಪಗಾಗುತ್ತಿದ್ದೆ.

ಡಿಸೆಂಬರಿನಲ್ಲಿ ಮೊದಲ ಸಲ ಕಾರಿನ ಗಾಜು ಬೆಳ್ಳಗಾದ ದಿನ, ಆಫೀಸಿಗೆ ಹೊರಟ ನಾನು ಮೊದಲು ಮರಳು ಎರಚೋಣ ಎಂದು ಇಳಿದು ಬಂದೆ. ಬಾಗಿಲು ತೆರೆದೇ ಇತ್ತು. ಬ್ಲಾಕುಗಳ ಮೇಲೆ ಮರಳು ಆಗಲೇ ಬಿದ್ದಿತ್ತು. ಈ ಸಲ ನೀರಿಲ್ಲ, ಚಪ್ಪಡಿಯನ್ನು ಬಟ್ಟೆಯಲ್ಲಿ ಒರೆಸಿ, ಅದರ ತುಂಬ ರಂಗೋಲಿ ಹಾಕಿ, ಸ್ವೆಟರಿನ ಮೇಲೆ ಸೆರಗು ಎಳೆದುಕೊಂಡು ಅತ್ತೆ ಮೂಲೆಯಲ್ಲಿ ನಿಂತಿದ್ದರು. ನನ್ನ ಹೆಂಡತಿ ಇನ್ನೂ ಎದ್ದಿರಲಿಲ್ಲ. ಮಾತು ಸಾಗಿಸಲು ಯಾರೂ ಇರಲಿಲ್ಲ.

"ಅಳಿಯಾರ" ಎಂದರು ಅತ್ತೆ, ನೆಲ ನೋಡುತ್ತ. "ಬಲಕ್ಕ ಹೋಗ್ರಿ. ನೋಡಿ ಕಾಲಿಡ್ರಿ."

"ಅವತ್ತು ನಾನು ಬೈದದ್ದು ತಪ್ಪಾಯ್ತು ಅತ್ತೆ."

"ರೈಲು ತಪ್ಪತದ ನಿಮಗ" ಎಂದರು.

ನಾನು ಬಲಗಡೆಯಿಂದ ಇಳಿದು ಹೋದೆ.