ಪರದೆಯಾಚೆ ಹೋದ ನಾಲೆ

ದೊಡ್ಡಪ್ಪ, ನಿಮ್ಮ ಹೆಜ್ಜೆಯ ಎಣಿಕೆ ತಪ್ಪಿರಲಿಲ್ಲ. ತಪ್ಪಿದ್ದು ನಾನು ಬರೆದ ಪ್ರೋಗ್ರಾಮು. ಇದು ನನಗೆ ಆರು ವರ್ಷಗಳಿಂದ ಗೊತ್ತು — ನಿಮಗೆ ಹೇಳಿಲ್ಲ.

ಎಂ.ಎಸ್ಸಿ. ಪ್ರಾಜೆಕ್ಟಿಗೆ ನಮ್ಮೂರ ನಾಲೆಯ ನಕ್ಷೆಯನ್ನು ಕಂಪ್ಯೂಟರಿನಲ್ಲಿ ಬರೆಯುತ್ತೇನೆ ಅಂದಾಗ ಮನೆಯಲ್ಲಿ ನಕ್ಕವರೇ ಹೆಚ್ಚು. ನೀವು ನಗಲಿಲ್ಲ. ಮೂವತ್ತು ವರ್ಷ ನೀರುಗಂಟಿಯಾಗಿ ಆ ನಾಲೆಯ ಏರಿಯ ಮೇಲೆ ನಡೆದು, ಸರದಿ ನೋಡಿ ಗದ್ದೆಗದ್ದೆಗೆ ನೀರು ಬಿಟ್ಟವರು — ಪಾಂಡವಪುರದ ಬಿಸಿಲಿನಲ್ಲಿ ಎರಡು ದಿನ ನನ್ನ ಜೊತೆ ನಡೆದಿರಿ. ದಿಕ್ಸೂಚಿ ನನ್ನ ಕೈಯಲ್ಲಿ, ಎಣಿಕೆ ನಿಮ್ಮ ಬಾಯಲ್ಲಿ. ಯಾರಾದರೂ ಮಾತಾಡಿಸಿದರೆ ಕೈಯೆತ್ತಿ ತಡೆಯುತ್ತಿದ್ದಿರಿ. ತೂಬು, ಮೋರಿ, ಹೊಂಗೆ ಮರ, ಎಲ್ಲವೂ ನಿಮ್ಮ ಹೆಜ್ಜೆಯ ಲೆಕ್ಕದಲ್ಲೇ ನನ್ನ ಪುಸ್ತಕಕ್ಕೆ ಬಂದವು.

ನಕ್ಷೆ ನೋಡಲು ಮೈಸೂರಿಗೆ ಬಂದಿರಿ. ಲ್ಯಾಬಿನ ಬಾಗಿಲಲ್ಲಿ ಚಪ್ಪಲಿ ಬಿಟ್ಟು, ನನ್ನ ಗೆಳತಿಯರ ನಡುವೆ ಕುರ್ಚಿಯ ಅಂಚಿನಲ್ಲಿ ಕೂತಿರಿ. ಎಂಟನೇ ತೂಬಿನ ಜಾಗವನ್ನು ಹಿಗ್ಗಿಸಿ ತೋರಿಸಿದೆ. ನೀವು ಪರದೆಯತ್ತ ಬಾಗಿದಿರಿ.

"ಕೂಸೇ, ನಾಲೆ ಒಂಗೆ ಮರದ ಬಲಕ್ಕಲ್ವಾ ಓಗೋದು? ಇಲ್ಲಿ ಎಡಕ್ಕೋಗ್ಬುಟ್ಟೈತೆ. ನಿನ್ ಮಿಸೀನು ನನ್ಗಿಂತ ದೊಡ್ಡ ನೀರುಗಂಟಿ ಕಣವ್ವ!"

ಗೆಳತಿಯರು ನಕ್ಕರು. ನನಗೆ ಅವಮಾನವಾಯಿತು — ಅಷ್ಟೇ, ಬೇರೆ ಕಾರಣವಿಲ್ಲ.

"ನೀವು ಎಣಿಸಿದ್ದೇ ತಪ್ಪಿರಬೇಕು ದೊಡ್ಡಪ್ಪ. ಕಂಪ್ಯೂಟರು ತಪ್ಪು ಮಾಡಲ್ಲ."

ನಿಮ್ಮ ನಗು ನಿಂತಿತು. "ಇರ್ಬೋದು ಕಣವ್ವ. ವಯಸ್ಸಾಯ್ತಲ್ಲ" ಅಂದಿರಿ.

ಎರಡು ದಿನದಲ್ಲಿ ತಪ್ಪು ಸಿಕ್ಕಿತು. ನಕ್ಷೆ ಹಿಗ್ಗಿಸಿದಾಗ ಗೆರೆಯ ಒಂದು ತುದಿ ಪರದೆಯಿಂದ ಆಚೆ ಹೋಗುತ್ತದೆ. ಆ ಗೆರೆ ಪರದೆಯ ಅಂಚನ್ನು ಎಲ್ಲಿ ದಾಟುತ್ತದೆಂದು ಲೆಕ್ಕ ಹಾಕಿ, ಅಲ್ಲಿಗೆ ಕತ್ತರಿಸಬೇಕು. ನಾನು ಸುಲಭದ ದಾರಿ ಹಿಡಿದು, ಆಚೆಯ ತುದಿಯನ್ನೇ ಅಡ್ಡಡ್ಡ ಎಳೆದು ಅಂಚಿಗೆ ತಂದಿದ್ದೆ. ತುದಿ ಸರಿದರೆ ಇಡೀ ಗೆರೆ ವಾಲುತ್ತದೆ. ಹಾಗೆ ವಾಲಿದ ನಾಲೆ ಮರವನ್ನು ದಾಟಿ ಎಡಕ್ಕೆ ಹೋಗಿತ್ತು. ಕೆಲವು ಸಾಲು ತಿದ್ದಿದೆ, ಬಲಕ್ಕೆ ಬಂತು. ನಿಮ್ಮ ಒಂದು ಅಂಕಿಯನ್ನೂ ಮುಟ್ಟಿರಲಿಲ್ಲ.

ಹೇಳಬೇಕೆಂದೇ ಆ ಭಾನುವಾರ ಊರಿಗೆ ಬಂದೆ. ಬಾಗಿಲಲ್ಲೇ ನೀವು ಒಂದು ಚೀಟಿ ಕೊಟ್ಟಿರಿ. ಬಾವಿಯ ಹಗ್ಗಕ್ಕೆ, ಎರಡು ಕೈ ಚಾಚಿದ ಮಾರಿಗೊಂದರಂತೆ ಗಂಟು ಹಾಕಿ, ಒಬ್ಬರೇ ಇಡೀ ನಾಲೆಯನ್ನು ಮತ್ತೆ ಅಳೆದಿದ್ದಿರಿ.

"ಈ ಸಲ ತಪ್ಪಿಲ್ಲ. ಇದ್ನ ಆಕವ್ವ."

ನಾನು — ಹಾಕುತ್ತೇನೆ ಅಂದೆ.

ಮುಂದಿನ ತಿಂಗಳು ತಿದ್ದಿದ ನಕ್ಷೆಯನ್ನು ಅಚ್ಚು ತೆಗೆದು ತಂದಾಗ ನಿಮಗೆಷ್ಟು ಖುಷಿ! "ನೋಡ್ದಾ, ಅಗ್ಗದಲ್ಲಿ ಅಳುದ್ರೆ ಎಂಗ್ ಸರೋಯ್ತು!"

ಅವತ್ತಿನಿಂದ ನೀವು ನಿಮ್ಮ ಕಾಲನ್ನು ನಂಬುವುದಿಲ್ಲ. ಏರಿಯ ಮೇಲೆ ಹೊರಟರೆ ಹೆಗಲ ಮೇಲೆ ಹಗ್ಗ. ಟೀ ಅಂಗಡಿಯಲ್ಲಿ ನಿಮ್ಮ ಓರಗೆಯವರು "ಏನ್ಲಾ ನೀರುಗಂಟಿ, ಮನೆಗೋಗಕೂ ಅಗ್ಗ ಬೇಕೇನ್ಲಾ?" ಎಂದು ಕಿಚಾಯಿಸಿದರೆ ನೀವೂ ನಗುತ್ತೀರಿ. "ಓದಿರೋ ಕೂಸು ಯೋಳ್ತು ಕಣ್ಲಾ, ಎಣಿಕೆ ತಪ್ತೀನಂತೆ." ಒಮ್ಮೆ ನಾನೂ ಅಲ್ಲೇ ಇದ್ದೆ. ಬಸ್ಸು ಬಂತೇನೋ ಎಂಬಂತೆ ರಸ್ತೆ ನೋಡುತ್ತಾ ನಿಂತೆ.

ಈಗ ನಾನು ಗೆರೆ ಕತ್ತರಿಸುವ ಇದೇ ಪಾಠವನ್ನು ಕಾಲೇಜಿನ ಹುಡುಗಿಯರಿಗೆ ಹೇಳಿಕೊಡುತ್ತೇನೆ. ಅಂಚು ದಾಟುವ ಗೆರೆಯನ್ನು ಬೋರ್ಡಿನ ಮೇಲೆ ಎಳೆಯುವಾಗಲೆಲ್ಲ, ಪಕ್ಕದಲ್ಲಿ ಆ ಮರಕ್ಕೆಂದು ಒಂದು ಚುಕ್ಕಿ ಇಡುತ್ತೇನೆ. ಯಾಕೆಂದು ಯಾರೂ ಕೇಳಿಲ್ಲ. ನಿಮ್ಮ ಚೀಟಿ ನನ್ನ ಪೆಟ್ಟಿಗೆಯಲ್ಲಿದೆ; ಅದರ ಒಂದು ಅಂಕಿಯನ್ನೂ ನಾನು ಟೈಪು ಮಾಡಲೇ ಇಲ್ಲ.

ಈ ಭಾನುವಾರ ಬರುತ್ತೇನೆ, ದೊಡ್ಡಪ್ಪ. ಟೀ ಅಂಗಡಿಯ ಮುಂದೆ, ಅವರೆಲ್ಲ ಇರುವಾಗಲೇ, ಚೀಟಿಯನ್ನು ನಿಮ್ಮ ಕೈಗಿಟ್ಟು ಹೇಳುತ್ತೇನೆ — ಮೊದಲನೇ ಎಣಿಕೆಯೇ ಸರಿಯಿತ್ತು ಎಂದು. ನೀವು ಬೈದರೆ ಬೈಸಿಕೊಳ್ಳುತ್ತೇನೆ. ಬೈಯದಿದ್ದರೆ — ಅದು ಇನ್ನೂ ಕಷ್ಟ. ಆಮೇಲೆ ನನ್ನ ಜೊತೆ ಎಂಟನೇ ತೂಬಿನವರೆಗೆ ನಡೆಯಿರಿ. ಹಗ್ಗ ಮನೆಯಲ್ಲಿರಲಿ.