ಹೇಳಿದ ಹೊತ್ತಿಗೆ ಬರುತ್ತಿದ್ದ ಟ್ಯಾಂಕರ್

ಬೆಂಕಿಕಡ್ಡಿಗೂ ಪ್ರವೇಶವಿಲ್ಲದ ಹಡಗಿನಲ್ಲಿ ಇಪ್ಪತ್ತು ವರ್ಷ ಹೊಟ್ಟೆಕಿಚ್ಚು ಇಟ್ಟುಕೊಂಡು ದುಡಿದ ವೀರ ನಮ್ಮ ಯಲಹಂಕದ ಪುಟ್ಟೇನಹಳ್ಳಿಯ ಸಿದ್ರಾಮಪ್ಪ. ಹುಟ್ಟಿದ್ದು ವಿಜಯಪುರದ ಕಡೆ. ನೌಕಾಪಡೆಯ ಯುದ್ಧನೌಕೆಗಳಿಗೆ ನಡುಸಮುದ್ರದಲ್ಲಿ ಎಣ್ಣೆ ತುಂಬುವ ಹಡಗು ಅವರದು. ಎರಡೂ ಹಡಗುಗಳು ಅಕ್ಕಪಕ್ಕ ಓಡುತ್ತಿರುವಾಗಲೇ ನಡುವೆ ದಪ್ಪ ಪೈಪು ಎಳೆದು ಕುಡಿಸಬೇಕು. ಕುಡಿದ ಯುದ್ಧನೌಕೆ ಹೋಗಿ ಪತ್ರಿಕೆಯಲ್ಲಿ ಫೋಟೊ ಹಾಕಿಸಿಕೊಳ್ಳುತ್ತಿತ್ತು. ಎಣ್ಣೆ ಹಡಗು ಮಾತ್ರ ಹಾಲು ಕರೆಸಿಕೊಂಡು ಕೊಟ್ಟಿಗೆಯಲ್ಲೇ ನಿಂತ ಎಮ್ಮೆ. ಹಳತಾಯಿತೆಂದು ಅದನ್ನು ಒಡೆದು ಗುಜರಿಗೆ ಹಾಕಿದಾಗಲೂ ಯಾರೂ ಫೋಟೊ ತೆಗೆಯಲಿಲ್ಲ.

ನಿವೃತ್ತರಾಗಿ ಬಂದರೆ ಎದುರುಮನೆಯಲ್ಲಿ ಯಾರಿರಬೇಕು? ಯುದ್ಧನೌಕೆಯ ನರೇಂದ್ರ, ಮೀಸೆ ಸಮೇತ. ಬಡಾವಣೆಯಲ್ಲಿ ಬಾವುಟ ಹಾರಿಸುವ ಹಗ್ಗ ಪ್ರತಿ ಸಲವೂ ಅವರ ಕೈಗೇ. ಆ ಹಗ್ಗ ಒಮ್ಮೆಯಾದರೂ ತಮಗೆ ಬೇಕೆಂದು ಸಿದ್ರಾಮಪ್ಪ ಸಂಘದ ಅಧ್ಯಕ್ಷ ಪಿಳ್ಳಣ್ಣನನ್ನು ಹಿಡಿದರು.

“ನಾನೂ ನೌಕಾಪಡಿಯಾಂವನ ರೀ. ಟ್ಯಾಂಕರ್‌ನ್ಯಾಗ ಇದ್ದೆ.”

“ಅಂಗಾ? ಎಷ್ಟು ಲೋಡ್ ಒಡೀತಿದ್ರಿ?”

“ಒಂದ ಸಲಕ್ಕ ಎರಡ ಸಾವಿರ ಲೋಡ್ ಹಿಡೀತಿತ್ರೀ.”

ಪಿಳ್ಳಣ್ಣ ಕನಿಕರದಿಂದ ನೋಡಿದ. “ಬಿಡಿ ಸಾರ್. ಸಮುದ್ರದ ನೀರು ಉಪ್ಪು. ನಮ್ ನೀರಿನ ಸಂಪ್‌ಗೆ ಆಗಕಿಲ್ಲ.”

ಅಂದು ರೊಟ್ಟಿ ತಟ್ಟೆಯಲ್ಲೇ ಆರಿತು. “ಮಂದಿ ಮೀಸಿ ನೋಡಿದ್ರ ಹೊಟ್ಟಿ ತುಂಬ್ತೈತೇನ್ರಿ? ಉಣ್ರಿ” ಎಂದರು ಹೆಂಡತಿ ಗಂಗಾದೇವಿ.

ಆಗಸ್ಟ್ ಹದಿನೈದರಂದು ಬಾವುಟ ಹಾರಿಸಿದ ನರೇಂದ್ರ ಮೈಕಿನಲ್ಲಿ ಗುಡುಗಿದರು. “ತಿಂಗಳುಗಟ್ಟಲೆ ದಡ ಮುಟ್ತಿರ್ಲಿಲ್ಲ ನಾವು.”

“ಎಣ್ಣಿ ಯಾರ್ ಹಾಕ್ತಿದ್ರು?” ಹಿಂದಿನ ಸಾಲಿನಿಂದ ಸಿದ್ರಾಮಪ್ಪ ಕೇಳಿದರು.

ನರೇಂದ್ರ ಕೆಮ್ಮಿದರು. “ಅದಾ... ನಿಮ್ಮ ಟ್ಯಾಂಕರ್ ಬರ್ತಿತ್ತಲ್ಲ.”

ಟ್ಯಾಂಕರ್ ಎಂದದ್ದೇ ತಡ, ಹೆಂಗಸರೆಲ್ಲ ನೆಟ್ಟಗೆ ಕೂತರು. ಬೇಸಿಗೆಯಿಡೀ ಬಿಂದಿಗೆ ಹಿಡಿದು ನೀರಿನ ಟ್ಯಾಂಕರಿಗೆ ಕತ್ತು ಚಾಚಿ ಕಾದವರು ಅವರು.

“ಎಷ್ಟೊತ್ತು ಕಾಯಿಸ್ತಿತ್ತು?” ಅವರಲ್ಲೊಬ್ಬರಾದ ಅಂಜನಮ್ಮ ನರೇಂದ್ರರನ್ನು ಕೇಳಿದರು.

“ಕಾಯಿಸ್ತಿರ್ಲಿಲ್ಲಮ್ಮ. ಬಿರುಗಾಳಿ ಇದ್ರೂ ಹೇಳಿದ ಹೊತ್ತಿಗೆ ಬರೋದು.”

ಸಭೆಯೆಲ್ಲ ಹಿಂದಿನ ಸಾಲಿನತ್ತ ತಿರುಗಿತು. ಹೇಳಿದ ಹೊತ್ತಿಗೆ ಬಂದ ಟ್ಯಾಂಕರನ್ನು ಯಲಹಂಕದಲ್ಲಿ ಕಂಡವರಿಲ್ಲ. ಮುಂದೆ ಯಾವ ಯುದ್ಧದ ಕಥೆಗೂ ಕಿವಿಗಳು ಉಳಿಯಲಿಲ್ಲ.

“ಇಂಥೋರ್ನ ಇಂದ್ಗಡೆ ಕೂರ್ಸಿದ್ದೀರಲ್ರೋ” ಎಂದು ಪಿಳ್ಳಣ್ಣ ತಾನೇ ಕುರ್ಚಿ ಎತ್ತಿಕೊಂಡು ಬಂದ.

ಜನವರಿ ಇಪ್ಪತ್ತಾರಕ್ಕೆ ಹಗ್ಗ ಸಿದ್ರಾಮಪ್ಪನವರ ಕೈಯಲ್ಲಿತ್ತು. ಮುಂದಿನ ಸಾಲಿನ ನರೇಂದ್ರ ಬಾವುಟವನ್ನು ಬಿಟ್ಟು ಆ ಕೈಯನ್ನೇ ನೋಡುತ್ತಿದ್ದರು. ಆ ನೋಟದ ಉರಿ ಸಿದ್ರಾಮಪ್ಪನವರಿಗೆ ಚೆನ್ನಾಗಿ ಗೊತ್ತು. ಗಂಟು ಸಡಿಲವಾಗಿಯೇ ಇತ್ತು. ಆದರೂ ಅದನ್ನು ಬಿಚ್ಚಲು ಅವರು ತುಂಬ ಹೊತ್ತು ತೆಗೆದುಕೊಂಡರು.