ಎಂಟು ಪ್ಯಾಡ್, ಒಂದೇ ಮಸಾಲೆ

ಹೋದ ವರ್ಷ ಒಂದು ಮದುವೆಯ ಊಟದಲ್ಲಿ ನನ್ನ ಎದುರು ಸಾಲಿನಲ್ಲಿ ಕುಳಿತಿದ್ದ, ಪರಿಚಯವೇ ಇಲ್ಲದ ಗೃಹಸ್ಥರೊಬ್ಬರು ಪಕ್ಕದವರಿಗೆ ತಮಾಷೆಯ ಕಥೆ ಹೇಳುತ್ತಿದ್ದರು. ಹಿಂದೆ ಪೀಣ್ಯದ ಒಂದು ಕಾರ್ಖಾನೆಯವರು ರೇಸ್ ಕಾರು ಕಟ್ಟಿದ್ದರಂತೆ. ಅವರ ಫಿಟ್ಟರು ಮುಂದಿನ ಚಕ್ರದ ಬ್ರೇಕ್ ಪ್ಯಾಡನ್ನು ಹಿಂದಕ್ಕೂ ಹಿಂದಿನದನ್ನು ಮುಂದಕ್ಕೂ ಹಾಕಿಬಿಟ್ಟನಂತೆ. ಕಾರು ಬುಗುರಿಯ ಹಾಗೆ ತಿರುಗಿಹೋಯಿತಂತೆ. "ಹಳ್ಳಿಯವನು, ಇಂಗ್ಲಿಷ್ ಓದಕ್ಕೆ ಬರ್ತಿರ್ಲಿಲ್ಲ ನೋಡಿ," ಎಂದು ಮುಗಿಸಿದರು. ಸುತ್ತಲಿನ ನಾಲ್ಕು ಜನ ನಕ್ಕರು.

ನಾನು ಎಲೆಯ ಮೇಲಿದ್ದ ಕೈ ತೆಗೆದು, "ಅದು ಸುಳ್ಳು," ಎಂದೆ.

"ಅಯ್ಯೋ, ಯಾರೋ ಹೇಳಿದ್ದು ಕಣ್ರೀ, ನಂಗೇನ್ ಗೊತ್ತು," ಎಂದು ಅವರು ಪಾಯಸದ ಕಡೆ ತಿರುಗಿದರು.

ಅವರ ಮೇಲೆ ನನಗೆ ಸಿಟ್ಟಿಲ್ಲ. ಸಿಟ್ಟು ಆ ಕಥೆಯನ್ನು ಹುಟ್ಟಿಸಿದವರ ಮೇಲೆ. ನಲವತ್ತು ವರ್ಷಕ್ಕೂ ಹೆಚ್ಚಾಯಿತು, ಅದು ಇನ್ನೂ ಊಟದ ಎಲೆಗಳ ನಡುವೆ ಓಡಾಡಿಕೊಂಡಿದೆ. ಆ ಕಾರಿನ ಎಂಟು ಪ್ಯಾಡ್‌ಗಳನ್ನೂ ಕೈಯಲ್ಲಿ ಹಿಡಿದು ನೋಡಿದವಳು ನಾನು. ಆದ್ದರಿಂದ ಬರೆಯುತ್ತಿದ್ದೇನೆ.

ಎಪ್ಪತ್ತರ ದಶಕದ ಕೊನೆಯ ವರ್ಷಗಳು. ಅಪ್ಪ ಜಾಲಹಳ್ಳಿಯ ಸರ್ಕಾರಿ ಕಾರ್ಖಾನೆಯೊಂದರಲ್ಲಿ ಟೂಲ್ ರೂಮಿನಲ್ಲಿದ್ದರು. ನಾವು ಅಲ್ಲಿಯ ಕ್ವಾರ್ಟರ್ಸಿನಲ್ಲಿದ್ದೆವು. ಫಿಸಿಕ್ಸ್ ಬಿ.ಎಸ್ಸಿ. ಮುಗಿಸಿದ ನನಗೆ ಪೀಣ್ಯದ ಒಂದು ಬ್ರೇಕ್ ಲೈನಿಂಗ್ ಕಾರ್ಖಾನೆಯ ಪರೀಕ್ಷಾ ಕೊಠಡಿಯಲ್ಲಿ ಕೆಲಸ ಸಿಕ್ಕಿತು. ಕೊಠಡಿ ಎಂದರೆ ತಗಡಿನ ಶೆಡ್ಡಿನ ಮೂಲೆಯಲ್ಲಿ ಗಾಜು ಹಾಕಿ ಬೇರೆ ಮಾಡಿದ ಜಾಗ. ಅದರೊಳಗೆ ಒಂದೇ ಯಂತ್ರ. ತಿರುಗುವ ಎರಕದ ತಟ್ಟೆಗೆ ಪ್ಯಾಡಿನ ಒಂದು ತುಂಡನ್ನು ಒತ್ತಿ ಹಿಡಿಯುವುದು, ತಟ್ಟೆ ಕಾಯುತ್ತಾ ಹೋದಂತೆ ಹಿಡಿತ ಎಷ್ಟು ಉಳಿಯುತ್ತದೆ ಎಂದು ಬರೆದುಕೊಳ್ಳುವುದು. ದಿನವಿಡೀ ಅದೇ ಕೆಲಸ. ನನಗೆ ಅದು ಇಷ್ಟವಾಗಿತ್ತು. ಒಂದು ಪುಡಿ ಬಿಸಿಯಲ್ಲಿ ಹೇಗೆ ವರ್ತಿಸುತ್ತದೆ ಎಂಬುದನ್ನು ಯಾರ ದಾಕ್ಷಿಣ್ಯವೂ ಬದಲಾಯಿಸುವುದಿಲ್ಲ ಎಂದು ನಂಬಿದ್ದೆ.

ಕಲ್ನಾರು, ರಾಳ, ಲೋಹದ ಚೂರು ಎಲ್ಲ ಬೆರೆಸಿ ಮಾಡುವ ಆ ಮಿಶ್ರಣಕ್ಕೆ ನಮ್ಮಲ್ಲಿ ಎಲ್ಲರೂ ಮಸಾಲೆ ಎನ್ನುತ್ತಿದ್ದರು. ಆಗ ಮೂರು ಮಸಾಲೆಗಳಿದ್ದವು. ಟ್ಯಾಕ್ಸಿಗಳಿಗೆ ಹಾಕುವ ಸಾಧಾರಣದ್ದು. ಘಾಟಿ ಇಳಿಯುವ ಲಾರಿಗಳಿಗೆಂದು ಮಾಡಿದ ಬೂದು ಬಣ್ಣದ್ದು. ಅದು ತಣ್ಣಗಿದ್ದಾಗ ಮಂದ, ಆದರೆ ಎಷ್ಟು ಕಾದರೂ ಹಿಡಿತ ಬಿಡುತ್ತಿರಲಿಲ್ಲ. ಮೂರನೆಯದು ಕಾರ್ಖಾನೆಯ ಯಜಮಾನರ ಹೊಸ ಮಸಾಲೆ. ಅದರಲ್ಲಿ ಹಿತ್ತಾಳೆಯ ಚೂರುಗಳು ಮಿನುಗುತ್ತಿದ್ದವು. ಪೆಡಲಿನ ಮೇಲೆ ಕಾಲಿಟ್ಟ ಕ್ಷಣವೇ ಕಚ್ಚುತ್ತಿತ್ತು. ಚೆನ್ನಾಗಿ ಕಾದರೆ ಮಾತ್ರ ಅದರ ಹಿಡಿತ ಜಾರುತ್ತಿತ್ತು. ಇದನ್ನು ನಾನು ಆರು ಸಲ ಪರೀಕ್ಷೆ ಮಾಡಿ ಆರು ಸಲವೂ ಬರೆದಿದ್ದೆ.

ಈ ಹೊಸ ಮಸಾಲೆಯನ್ನು ಮಾರುಕಟ್ಟೆಗೆ ತರಲು ಯಜಮಾನರಿಗೆ ರೇಸ್ ಕಾರಿನ ಯೋಚನೆ ಬಂತು. ಟ್ಯಾಕ್ಸಿಯಾಗಿ ಓಡಿ ಸವೆದಿದ್ದ ಒಂದು ಚಿಕ್ಕ ಕಾರನ್ನು ತಂದು ಒಳಗಿನ ಸೀಟು, ಬಾಗಿಲಿನ ಗಾಜು ಎಲ್ಲ ಕಿತ್ತು ಹಗುರ ಮಾಡಿದರು. ಗುಜರಿಗೆ ಬಂದಿದ್ದ ಒಂದು ವಿದೇಶಿ ಕಾರಿನಿಂದ ನಾಲ್ಕು ಚಕ್ರದ ಡಿಸ್ಕ್ ಬ್ರೇಕುಗಳನ್ನು ತೆಗೆದು ಇದಕ್ಕೆ ಕೂರಿಸಿದರು. ಕೂರಿಸಿದವರು ನಮ್ಮ ಫಿಟ್ಟರು. ಪೀಣ್ಯದ ಹತ್ತಿರದ ಹಳ್ಳಿಯವರು, ನಲವತ್ತು ದಾಟಿದವರು. ನಮ್ಮ ಶೆಡ್ಡು ನಿಂತಿದ್ದದ್ದೇ ಅವರ ದಾಯಾದಿಗಳ ರಾಗಿ ಹೊಲದ ಮೇಲೆ. ಓದು ನಾಲ್ಕನೇ ಕ್ಲಾಸಿಗೆ ನಿಂತಿತ್ತು. ಆದರೆ ಬೇರೆ ದೇಶದ ಬ್ರೇಕನ್ನು ಬೇರೆ ಕಾರಿನ ಅಚ್ಚಿಗೆ ಹೊಂದಿಸಲು ಬೇಕಾದ ಬ್ರಾಕೆಟ್ಟುಗಳನ್ನು ಅರದಿಂದ ಉಜ್ಜಿ ಉಜ್ಜಿ ಅವರು ಮಾಡಿದ್ದನ್ನು ನೋಡಿ ಅಪ್ಪನೇ ತಲೆದೂಗಿದ್ದರು.

ಓಡಿಸುವವರು ಯಜಮಾನರ ಸ್ನೇಹಿತರು, ಮೂವತ್ತರ ಆಸುಪಾಸಿನ ಇಂಜಿನಿಯರು. ಮದ್ರಾಸಿನ ಹತ್ತಿರದ ಶೋಳಾವರಂ ರೇಸಿನಲ್ಲಿ ಎರಡು ಸಲ ಓಡಿಸಿದ್ದರು. ಅವರು ಗಾಜಿನ ಕೋಣೆಗೆ ಬಂದು ನನ್ನ ಮೇಜಿನ ಅಂಚಿನಲ್ಲಿ ಕುಳಿತು ಹೇಳಿದ್ದು ನನಗೆ ಅಕ್ಷರಶಃ ನೆನಪಿದೆ: "ಕಾಲಿಟ್ಟ ಕೂಡ್ಲೇ ಕಚ್ಚಬೇಕು ಕಣ್ರೀ. ಆ ಬೂದುಗೀದು ಲಾರಿ ಸಾಮಾನು ನಂಗೆ ಬೇಡ."

ಯಾವ ಚಕ್ರಕ್ಕೆ ಯಾವ ಪ್ಯಾಡ್ ಎಂದು ವರದಿ ಬರೆಯುವುದು ನನ್ನ ಕೆಲಸವಾಗಿತ್ತು. ಬರೆದೆ. ಬ್ರೇಕ್ ಹಾಕಿದಾಗ ಕಾರಿನ ಭಾರ ಮುಂದಕ್ಕೆ ಬೀಳುತ್ತದೆ, ಬಸ್ಸಿನಲ್ಲಿ ನಿಂತವರೆಲ್ಲ ಡ್ರೈವರಿನ ಕಡೆ ಮುಗ್ಗರಿಸುವ ಹಾಗೆ. ಹಿಂದಿನ ಚಕ್ರಗಳು ಹಗುರಾಗುತ್ತವೆ. ನಿಲ್ಲಿಸುವ ಕೆಲಸದ ಬಹುಪಾಲು ಮುಂದಿನವೇ ಮಾಡುತ್ತವೆ, ಅವೇ ಹೆಚ್ಚು ಕಾಯುತ್ತವೆ. ಆದ್ದರಿಂದ ಮುಂದಕ್ಕೆ ಬಿಸಿ ತಡೆಯುವ ಬೂದು ಮಸಾಲೆ, ಹಿಂದಕ್ಕೆ ಸೌಮ್ಯವಾದ ಟ್ಯಾಕ್ಸಿ ಮಸಾಲೆ. ಹೊಸದನ್ನು ನಾಲ್ಕಕ್ಕೂ ಹಾಕಿದರೆ ಮುಂದಿನವು ಕಾದು ಹಿಡಿತ ಬಿಡುತ್ತವೆ. ಹಿಂದಿನವು ಅಷ್ಟು ಕಾಯದೆ ಪೂರ್ತಿ ಕಚ್ಚುತ್ತವೆ. ಹಿಂದಿನ ಚಕ್ರ ಮೊದಲು ಬಿಗಿದು ನಿಂತರೆ ಕಾರು ನೇರ ಹೋಗುವುದಿಲ್ಲ, ತಿರುಗುತ್ತದೆ. ಒಂದೇ ಹಾಳೆ, ಇಂಗ್ಲಿಷಿನಲ್ಲಿ ಟೈಪ್ ಮಾಡಿಸಿದ್ದೆ. ಫಿಟ್ಟರಿಗೆ ಬಾಯಲ್ಲೇ ಹೇಳಿದ್ದೆ.

ಯಜಮಾನರು ನಿಂತೇ ಓದಿದರು. "ಪ್ಯಾಡ್ ಮಾರೋ ಏಜೆಂಟರೆಲ್ಲಾ ಟ್ರಯಲ್ ನೋಡಕ್ಕೆ ಬರ್ತಿದಾರೆ. ಲಾರಿ ಪ್ಯಾಡ್ ಹಾಕಿದೀವಿ ಅಂತ ತೋರಿಸ್ಲಾ ಅವ್ರಿಗೆ?"

"ಸಾರ್, ಬಿಸಿಯಾದ್ರೆ..."

"ಐದು ಸುತ್ತು ಓಡ್ಸೋದು. ಅಷ್ಟರಲ್ಲಿ ಏನ್ ಬಿಸಿಯಾಗತ್ತೆ. ನಾಲ್ಕಕ್ಕೂ ಹೊಸದೇ ಹಾಕ್ಸಿ."

ಹಾಳೆಯನ್ನು ಮಡಿಸಿ ಅವರು ಮೇಜಿನ ಖಾನೆಗೆ ಹಾಕಿಕೊಂಡರು.

ಶನಿವಾರ ಬೆಳಿಗ್ಗೆ ಫಿಟ್ಟರು ಎಂಟು ಪ್ಯಾಡ್‌ಗಳನ್ನೂ ಒಂದು ತಟ್ಟೆಯಲ್ಲಿಟ್ಟುಕೊಂಡು ಗಾಜಿನ ಬಾಗಿಲಿಗೆ ಬಂದರು. ಚಕ್ರಕ್ಕೆ ಎರಡರಂತೆ ಮುಂದಕ್ಕೆ ನಾಲ್ಕು ದೊಡ್ಡವು, ಹಿಂದಕ್ಕೆ ನಾಲ್ಕು ಚಿಕ್ಕವು. ಎಂಟರಲ್ಲೂ ಹಿತ್ತಾಳೆ ಮಿನುಗುತ್ತಿತ್ತು.

"ಮೇಡಂ, ಇಂದ್ಕೂ ಮುಂದ್ಕೂ ಒಂದೇನಾ ಮಸಾಲೆ? ನೀವು ಬ್ಯಾರೆ ಯೋಳಿದ್ರಲ್ಲ."

"ಯಜಮಾನ್ರು ಹೇಳಿದಾರೆ. ಹಾಕ್ಬಿಡಿ," ಎಂದೆ.

ಅವರು ಒಂದು ಗಳಿಗೆ ನಿಂತು ನನ್ನ ಮುಖ ನೋಡಿದರು, ಹೋದರು. ಈ ಬರಹದಲ್ಲಿ ನನ್ನ ಸಿಟ್ಟಿಗೆ ಸಿಕ್ಕವರಲ್ಲಿ ನಾನೂ ಒಬ್ಬಳು. ಒಂದೇ ಒಂದು ಪದ ಬೇರೆ ಹೇಳಿದ್ದರೆ ಸಾಕಿತ್ತು: ಬೇಡ, ಹಾಕಬೇಡಿ, ನಿಲ್ಲಿ. ಯಾವುದನ್ನೂ ಹೇಳಲಿಲ್ಲ.

ಭಾನುವಾರ ಊರಾಚೆ ಬಳಕೆಯಲ್ಲಿಲ್ಲದ ಒಂದು ವಿಮಾನ ಪಟ್ಟಿಯ ಮೇಲೆ ಟ್ರಯಲ್. ಶಾಮಿಯಾನ, ಕಬ್ಬಿಣದ ಕುರ್ಚಿ, ಏಜೆಂಟರಿಗೆ ತಂಪು ಪಾನೀಯ. ಪಟ್ಟಿಯ ತುದಿಯ ತಿರುವಿಗೆ ಮರಳು ತುಂಬಿದ ಡ್ರಮ್ಮುಗಳನ್ನು ಸಾಲಾಗಿ ಇಟ್ಟಿದ್ದರು. ಮೊದಲ ಸುತ್ತಿನಲ್ಲಿ ಕಾರು ಆ ತುದಿಯಲ್ಲಿ ಗಕ್ಕನೆ ನಿಧಾನವಾದ ರೀತಿಗೆ ಏಜೆಂಟರು ಚಪ್ಪಾಳೆ ತಟ್ಟಿದರು. ಎರಡನೆಯದೂ ಹಾಗೆಯೇ ಆಯಿತು. ಮೂರನೆಯ ಸುತ್ತಿಗೆ ಗಾಳಿಯಲ್ಲಿ ಸುಟ್ಟ ರಾಳದ ವಾಸನೆ ಬಂತು. ಅದು ನನ್ನ ಯಂತ್ರದ ವಾಸನೆ. ಹಿಡಿತ ಜಾರುವ ಮುಂಚೆ ಬರುವಂಥದ್ದು. ನಾನು ಎದ್ದು ಯಜಮಾನರ ಕುರ್ಚಿಯ ಹತ್ತಿರ ಹೋಗಿ, "ಸಾರ್, ನಿಲ್ಲಿಸಿ," ಎಂದೆ. ಅವರು ಪಕ್ಕದ ಏಜೆಂಟರ ಕಡೆ ನಗುತ್ತಲೇ ಕೈಯಿಂದ ಕೂರುವಂತೆ ಸನ್ನೆ ಮಾಡಿದರು.

ನಾಲ್ಕನೆಯ ಸುತ್ತಿನಲ್ಲಿ ಕಾರಿನ ಹಿಂಭಾಗ ಪಕ್ಕಕ್ಕೆ ಜರುಗಿತು. ಆಮೇಲೆ ಮುಂಭಾಗಕ್ಕಿಂತ ಮುಂದೆ ಬಂತು. ಒಂದೂವರೆ ಸುತ್ತು ತಿರುಗಿ ಬಾಗಿಲಿನ ಕಡೆಯಿಂದ ಡ್ರಮ್ಮುಗಳಿಗೆ ಬಡಿಯಿತು.

ಮೊದಲು ಓಡಿದವರು ಫಿಟ್ಟರು. ಪೆಟ್ರೋಲ್ ಸೋರುತ್ತಿತ್ತು. ಅವರು ಮುಂದಿನ ಗಾಜನ್ನು ಕಾಲಿನಿಂದ ಒದ್ದು ತೆಗೆದು, ಓಡಿಸುತ್ತಿದ್ದವರನ್ನು ಕಂಕುಳಿಗೆ ಕೈ ಹಾಕಿ ಹೊರಗೆಳೆದರು. ಕುರ್ಚಿಗಳಲ್ಲಿ ಕೂತಿದ್ದವರು ಇನ್ನೂ ಎದ್ದು ನಿಲ್ಲುತ್ತಿದ್ದರು. ಓಡಿಸಿದವರಿಗೆ ಹೆಗಲ ಮೂಳೆ, ಎರಡು ಪಕ್ಕೆಲುಬು ಮುರಿದಿದ್ದವು. ಫಿಟ್ಟರ ಮೊಣಕೈಯಿಂದ ಮುಂಗೈವರೆಗೆ ಗಾಜು ಸೀಳಿತ್ತು.

ಮಂಗಳವಾರ ನೋಟಿಸ್ ಬೋರ್ಡಿನಲ್ಲಿ ಹಾಳೆ ಅಂಟಿಸಿದ್ದರು. ಪರೀಕ್ಷಾ ವಿಭಾಗದ ಲಿಖಿತ ಸೂಚನೆಯ ಪ್ರಕಾರ ಮುಂದಕ್ಕೂ ಹಿಂದಕ್ಕೂ ಬೇರೆ ಬೇರೆ ಪ್ಯಾಡ್ ಹಾಕಬೇಕಾಗಿತ್ತು. ಫಿಟ್ಟರು ಅದಲು ಬದಲು ಮಾಡಿದ್ದರಿಂದ ಅಪಘಾತವಾಗಿದೆ. ಅವರನ್ನು ಕೆಲಸದಿಂದ ತೆಗೆಯಲಾಗಿದೆ.

ಖಾನೆಗೆ ಹೋಗಿದ್ದ ನನ್ನ ಹಾಳೆ ಈಗ ಫೈಲಿನಲ್ಲಿತ್ತು. ನನ್ನ ಸಹಿ, ನನ್ನ ವಾಕ್ಯಗಳು, ಒಂದಕ್ಷರ ತಿದ್ದಿರಲಿಲ್ಲ. ನಾನು ಬರೆದ ನಿಜದಿಂದಲೇ ಆ ಮನುಷ್ಯನ ಕುತ್ತಿಗೆ ಹಿಡಿದಿದ್ದರು. ಬೋರ್ಡಿನ ಮುಂದೆ ನಿಂತಾಗ ನನ್ನ ಕಿವಿಗಳು ಸುಡುತ್ತಿದ್ದದ್ದು ನೆನಪಿದೆ.

ಸಂಜೆ ಆಸ್ಪತ್ರೆಗೆ ಹೋದೆ. ಓಡಿಸಿದವರು ದಿಂಬಿಗೆ ಒರಗಿ ಕೂತಿದ್ದರು.

"ನಾಲ್ಕಕ್ಕೂ ಹೊಸದೇ ಹಾಕಿದ್ದು ನಿಮಗೆ ಗೊತ್ತು. ನೀವೇ ಕೇಳಿದ್ದು. ಒಂದು ಮಾತು ಹೇಳಿ," ಎಂದೆ.

"ಯಾವ ಪ್ಯಾಡ್ ಹಾಕಿದ್ರು ಅಂತ ನಾನೇನ್ ಬಗ್ಗಿ ನೋಡಿದ್ನಾ? ನಂಗೂ ಮುಂದಿನ ಸೀಸನ್ ಇದೆ ಕಣ್ರೀ. ಅವನಿಗೆ ಬೇರೆ ಎಲ್ಲಾದ್ರೂ ಕೆಲಸ ಸಿಗತ್ತೆ ಬಿಡಿ."

ತಮ್ಮನ್ನು ಹೊರಗೆಳೆದವರ ಕೈಗೆ ಎಷ್ಟು ಹೊಲಿಗೆ ಬಿತ್ತು ಎಂದು ಅವರು ಕೇಳಲಿಲ್ಲ. ನಾನು ತಂದಿದ್ದ ಮೂಸಂಬಿಯನ್ನು ಕೊಡದೆ ವಾಪಸ್ಸು ತಂದೆ. ಸಣ್ಣತನ ನಿಜ. ಇವತ್ತಿಗೂ ಅದಕ್ಕೆ ಪಶ್ಚಾತ್ತಾಪವಿಲ್ಲ.

ಮರುದಿನ ಮುರಿದ ಕಾರು ಶೆಡ್ಡಿನ ಹಿಂದೆ ತಾಡಪಾಲಿನ ಕೆಳಗಿತ್ತು. ಊಟದ ಬಿಡುವಿನಲ್ಲಿ ನಾನು ಸ್ಪ್ಯಾನರ್ ಹಿಡಿದು ಅದರಡಿ ಕೂತೆ. ಅಪ್ಪನ ಮಗಳಾದ್ದರಿಂದ ಬೋಲ್ಟು ಬಿಚ್ಚುವುದು ಗೊತ್ತಿತ್ತು. ಎರಡು ದಿನದ ಬಿಡುವಿನಲ್ಲಿ ಎಂಟನ್ನೂ ಬಿಚ್ಚಿದೆ. ಮುಂದಿನ ಜೋಡಿಯಿಂದ ಒಂದು ತುಂಡು, ಹಿಂದಿನದರಿಂದ ಒಂದು ತುಂಡು ಕತ್ತರಿಸಿ ಯಂತ್ರಕ್ಕೆ ಹಾಕಿದೆ. ಕಾಗದದ ಮೇಲೆ ಹಿಡಿತದ ಎರಡೂ ಗೆರೆಗಳು ಒಂದರ ಮೇಲೊಂದು ಕೂತವು: ಒಂದೇ ಮಸಾಲೆ.

ಶುಕ್ರವಾರ, ಟ್ರಯಲ್ಲಿಗೆ ಒಪ್ಪಿಗೆ ಕೊಟ್ಟಿದ್ದ ಮೋಟಾರ್ ರೇಸಿನ ಕ್ಲಬ್ಬಿನಿಂದ ಮೂವರು ಅಪಘಾತದ ವಿಚಾರಣೆಗೆ ಬಂದರು. ನನ್ನನ್ನು ಕರೆದಿರಲಿಲ್ಲ. ತಟ್ಟೆಯಲ್ಲಿ ಎಂಟು ಪ್ಯಾಡ್ ಇಟ್ಟುಕೊಂಡು ಯಜಮಾನರ ಕೋಣೆಗೆ ನಾನೇ ಹೋದೆ.

"ಆಮೇಲೆ ಮಾತಾಡೋಣ," ಎಂದರು ಯಜಮಾನರು.

"ಈಗಲೇ ಆಗ್ಬೇಕು ಸಾರ್." ನನ್ನ ಧ್ವನಿ ನಡುಗುತ್ತಿತ್ತು. ಅದು ಹೆದರಿಕೆಯ ನಡುಕವೆಂದು ಅವರು ತಿಳಿದಿರಬೇಕು. ಮುಂದಿನ ಪ್ಯಾಡೊಂದನ್ನೂ ಹಿಂದಿನದೊಂದನ್ನೂ ಅವರ ಕೈಗೇ ಕೊಟ್ಟೆ. "ಇದು ಅಂಗೈಯಗಲ, ಎರಡು ಕಿವಿ ಇದೆ. ಇದು ಇದರರ್ಧ, ಚೌಕ. ಕಾರು ಹಿಂದ್ಗಡೆ ಇದೆ. ಅದಲು ಬದಲಾಗಿ ಕೂರಿಸಿ ತೋರ್ಸಿ."

ಯಜಮಾನರು ಅವನ್ನು ಮೇಜಿನ ಮೇಲಿಟ್ಟರು. ಬಂದಿದ್ದವರಲ್ಲಿ ಹಿರಿಯರೊಬ್ಬರು, ಮಿಲಿಟರಿಯಿಂದ ನಿವೃತ್ತರಾದವರು, ಕನ್ನಡಕ ಹಾಕಿಕೊಂಡು ಕೇಳಿದರು: "ಆಕಾರ ಬಿಡಮ್ಮ. ತಗಡಿಗೆ ಮಸಾಲೆ ಅಂಟಿಸುವಾಗಲೇ ಅದು ಇದಕ್ಕೆ, ಇದು ಅದಕ್ಕೆ ಆಗಿರಬಹುದಲ್ಲ?"

ಒಳ್ಳೆಯ ಪ್ರಶ್ನೆ. "ಹಾಗಾಗಿದ್ರೆ ಒಂದು ಜೊತೆಯಾದ್ರೂ ಬೂದು ಇರ್ಬೇಕು ಸಾರ್. ನೋಡಿ. ಎಂಟರಲ್ಲೂ ಹಿತ್ತಾಳೆ." ಎರಡು ಗೆರೆಯ ಕಾಗದವನ್ನೂ ಮುಂದಿಟ್ಟೆ. ಅವರು ಒಂದೊಂದೇ ಪ್ಯಾಡನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ಆಮೇಲೆ ಅವರು ಯಜಮಾನರ ಕಡೆ ನೋಡಿ, "ಈ ಹುಡುಗಿ ಹೇಳ್ತಿರೋದು ಸರಿ," ಎಂದರು.

ಗೆದ್ದೆ ಅಂದುಕೊಂಡೆ. ಹದಿನೈದು ದಿನಕ್ಕೆ ವಿಚಾರಣೆಯ ಪತ್ರ ಬಂತು. "ಪ್ಯಾಡ್‌ಗಳ ಆಯ್ಕೆಯು ಸೂಕ್ತವಾಗಿರಲಿಲ್ಲವೆಂದು ಕಂಡುಬಂದಿದೆ." ಅಷ್ಟೇ. ಆಯ್ಕೆ ತಾನಾಗಿಯೇ ಆಗಿತ್ತು ಎನ್ನುವ ಹಾಗೆ. ಮಾಡಿದವರೇ ಇಲ್ಲದ ಆ ವಾಕ್ಯವನ್ನು ನಾನು ಎಷ್ಟು ಸಲ ಓದಿದೆನೋ. ನೋಟಿಸನ್ನು ಬೋರ್ಡಿನಿಂದ ತೆಗೆದರು. ಫಿಟ್ಟರು ತಪ್ಪು ಮಾಡಿರಲಿಲ್ಲ ಎಂದು ಇನ್ನೊಂದನ್ನು ಅಂಟಿಸಲಿಲ್ಲ. ಸುಳ್ಳು ಜನರ ಬಾಯಲ್ಲಿ ಉಳಿದದ್ದು ಬೋರ್ಡಿನ ಆ ಖಾಲಿ ಜಾಗದಿಂದಲೇ. ಕೆಲವೇ ತಿಂಗಳಲ್ಲಿ ಹೊಸ ಪ್ಯಾಡಿನ ರಟ್ಟಿನ ಡಬ್ಬಿಗಳು ಬಂದವು. ಮೇಲೆ ಅದೇ ಕಾರಿನ ಚಿತ್ರ, ಮೊದಲ ಸುತ್ತಿನಲ್ಲಿ ತೆಗೆದದ್ದು.

ಆ ಡಬ್ಬಿ ನೋಡಿದ ದಿನವೇ ರಾಜೀನಾಮೆ ಬರೆದೆ. ಯಜಮಾನರಿಗೆ ನಿಜಕ್ಕೂ ಆಶ್ಚರ್ಯವಾಯಿತು. "ನಿಮ್ಮ ರಿಪೋರ್ಟ್ ಸರಿ ಅಂತ ಎಲ್ರೂ ಒಪ್ಪಿದಾರೆ. ಇನ್ನೇನ್ ಬೇಕು ನಿಮ್ಗೆ?" ಎಂದು ಕೇಳಿದರು. ನಾನು ರಾಜೀನಾಮೆಯ ಹಾಳೆಯನ್ನು ಅವರ ಮೇಜಿನ ಮೇಲಿಟ್ಟು ಹೊರಗೆ ಬಂದೆ. ಆಮೇಲೆ ಒಂದು ಪಾಲಿಟೆಕ್ನಿಕ್ಕಿನ ಪ್ರಯೋಗಾಲಯಕ್ಕೆ ಸೇರಿ ನಿವೃತ್ತಿಯವರೆಗೂ ಅಲ್ಲೇ ಇದ್ದೆ.

ರಾಜೀನಾಮೆ ಕೊಟ್ಟ ವಾರ ಫಿಟ್ಟರ ಮನೆ ಹುಡುಕಿಕೊಂಡು ಹೋದೆ. ಅವರು ಹೊಲದಲ್ಲಿ ನೀರೆತ್ತುವ ಪಂಪು ಬಿಚ್ಚಿಕೊಂಡು ಕೂತಿದ್ದರು. ಮೊಣಕೈಯ ಗಾಯ ಮಾಗಿತ್ತು, ಆದರೆ ಕಿರುಬೆರಳನ್ನು ಪೂರ್ತಿ ಮಡಚಲು ಆಗುತ್ತಿರಲಿಲ್ಲ. ಕಾರ್ಖಾನೆಯವರು ವಾಪಸ್ಸು ಕರೆದರಂತೆ, ಇವರು ಹೋಗಲಿಲ್ಲವಂತೆ.

"ಯಾಕೆ ಹೋಗ್ಲಿಲ್ಲ? ನಿಮ್ಮ ತಪ್ಪಿಲ್ಲ ಅಂತ ಆಯ್ತಲ್ಲ," ಎಂದೆ. ನನಗೆ ಅವರ ಮೇಲೂ ಸಿಟ್ಟು ಬಂದಿತ್ತು. ಹೋಗಿ ಎದೆಯೆತ್ತಿ ನಿಲ್ಲಬೇಕಿತ್ತು ಎಂದು ನನ್ನ ಆಸೆ.

"ಯಾರ್ ಯೋಳುದ್ರು ಮೇಡಂ ತೆಪ್ಪಿಲ್ಲ ಅಂತ? ಬಾ ಅಂದ್ರು ಅಷ್ಟೇಯ." ಅವರು ಪಂಪಿನ ವಾಷರನ್ನು ಅಂಗಿಯಲ್ಲಿ ಒರೆಸಿದರು. "ಅಂಗಂತ ಒಬ್ರು ಯೋಳಿದ್ರೆ ವೋಯ್ತಿದ್ದೆ."

ಅವರ ಹೆಂಡತಿ ಮಜ್ಜಿಗೆ ತಂದುಕೊಟ್ಟರು. ಲೋಟ ಕೈಯಲ್ಲಿ ಹಿಡಿದೇ ಹೇಳಿದೆ: "ತಪ್ಪು ನಿಮ್ದಲ್ಲ. ಆವತ್ತು ಬೆಳಿಗ್ಗೆ ನೀವು ಕೇಳಿದ್ದೇ ಸರಿ. ಹಾಕಿ ಅಂದವಳು ನಾನು."

ಅವರು ತಲೆಯೆತ್ತಿ ನೋಡಿ, ಹೂಂ ಎಂದರು. ಕ್ಷಮಿಸಿದೆ ಎಂದು ಹೇಳಲಿಲ್ಲ, ನಾನೂ ಕೇಳಲಿಲ್ಲ. ಪಂಪಿನ ಮುಚ್ಚಳ ಎತ್ತಿ ಹಿಡಿಯಲು ಆ ಬೆರಳು ಅಡ್ಡ ಬರುತ್ತಿತ್ತು. ನಾನು ಲೋಟ ಕೆಳಗಿಟ್ಟು ಇನ್ನೊಂದು ತುದಿ ಹಿಡಿದುಕೊಂಡೆ. ಅವರು ಬೋಲ್ಟು ಬಿಗಿಯುತ್ತಾ ಹೋದರು.